ಬ್ರೇಕ್ ಆಯಿಲ್ ಎಷ್ಟು ವರ್ಷಕ್ಕೊಮ್ಮೆ ಬದಲಾಯಿಸಬೇಕು?



ಬೀಜ, ಗೊಬ್ಬರ, ಔಷಧಿಗಳ ವಿಷಯವಾಗಿ ಬರೆಯುತ್ತ ಬಂದವನು ಈ ಸಲ ಗಾಡಿಯ ಬ್ರೇಕನ್ನು ಎತ್ತಿಕೊಂಡನಲ್ಲ ಎಂದು ಕೆಲವರು ನಗಬಹುದು. ನಾನು ಓದಿದ್ದು ಕೃಷಿ ಡಿಪ್ಲೊಮಾ; ಗ್ಯಾರೇಜಿನಲ್ಲಿ ಕೆಲಸ ಕಲಿತವನಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಜೀಪು, ಪಿಕಪ್ಪು, ಹಳೆಯ ಕಾರು ನಿಂತಿವೆ. ಎತ್ತಿಗೆ ಏನು ಹಾಕಬೇಕು, ಯಾವಾಗ ಲಾಳ ಕಟ್ಟಿಸಬೇಕು ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಗಾಡಿಯ ವಿಷಯದಲ್ಲಿ ನಮಗೆ ಅಷ್ಟು ತಿಳಿವಳಿಕೆ ಇನ್ನೂ ಬಂದಿಲ್ಲ. ನನಗೂ ಬಂದಿರಲಿಲ್ಲ. ಬಂದ ಬಗೆಯನ್ನು ಮೊದಲು ಹೇಳುತ್ತೇನೆ.

2022ರ ನವೆಂಬರಿನಲ್ಲಿ ಒಂದು ದಿನ, ನಮ್ಮ ಊರಿನ ಹಿರಿಯ ರೈತರೊಬ್ಬರ ಪಿಕಪ್ಪಿನಲ್ಲಿ ಬಾಳೆಗೊನೆ ತುಂಬಿಕೊಂಡು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆಗೆ ಹೊರಟಿದ್ದೆವು. ಓಡಿಸುತ್ತಿದ್ದವರು ಅವರೇ, ನಾನು ಪಕ್ಕದಲ್ಲಿ ಕುಳಿತಿದ್ದೆ. ಡೀಸೆಲ್ ಉಳಿಯಲಿ ಎಂದು ಗಾಡಿಯನ್ನು ಮೇಲಿನ ಗೇರಿನಲ್ಲೇ ಬಿಟ್ಟು ತಿರುವು ತಿರುವಿಗೂ ಬ್ರೇಕ್ ಒತ್ತುತ್ತಿದ್ದರು. ಅರ್ಧ ಘಾಟಿ ಇಳಿದಿರಬಹುದು. ಒಂದು ತಿರುವಿನ ಮುಂಚೆ ಅವರು ಕಾಲಿಟ್ಟರೆ ಪೆಡಲು ಕೆಸರಿಗೆ ಕಾಲಿಟ್ಟಂತೆ ಮೆತ್ತಗೆ ಇಳಿದು ತಳ ಮುಟ್ಟಿತು. ಗಾಡಿ ನಿಲ್ಲಲಿಲ್ಲ. "ಬ್ರೇಕ್ ಇಲ್ಲ ಮಾರಾಯ!" ಎಂದರು. ಅವರ ಕೈ ಗಟ್ಟಿಯದು. ಗೇರನ್ನು ಎರಡಕ್ಕೆ, ಮತ್ತೆ ಒಂದಕ್ಕೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತ, ಪ್ರಪಾತದ ಕಡೆಗೆ ಬಿಡದೆ ಗುಡ್ಡದ ಕಡೆಯ ಚರಂಡಿಗೆ ಎಡಗಾಲಿಗಳನ್ನು ಇಳಿಸಿ ನಿಲ್ಲಿಸಿದರು. ಗೊನೆಗಳು ಜಜ್ಜಿಹೋದವು. ನಾವು ಉಳಿದೆವು.

ಮುಂದಿನದನ್ನು ಗಮನವಿಟ್ಟು ಓದಬೇಕು. ಮುಕ್ಕಾಲು ಗಂಟೆ ಕಳೆದ ಮೇಲೆ ಅವರು ಪೆಡಲು ಒತ್ತಿ ನೋಡಿದರೆ ಮೊದಲಿನಂತೆಯೇ ಗಟ್ಟಿಯಾಗಿ ನಿಂತಿತು! ಎಲ್ಲಿಯೂ ಸೋರಿಲ್ಲ, ಪೈಪು ಒಡೆದಿಲ್ಲ. "ಸರಿ ಆಯ್ತಲ್ಲ, ಹೊರಡೋಣ" ಎಂದರು. ನಾನು ಒಪ್ಪಲಿಲ್ಲ. ಗಾಡಿಯನ್ನು ಬೇರೊಂದು ಗಾಡಿಗೆ ಕಟ್ಟಿ ಗ್ಯಾರೇಜಿಗೆ ಎಳೆಸಿದೆವು. ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ: "ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು ಗೌಡ್ರೇ?"

"ಬದಲಾಯಿಸೋದಾ? ಕಮ್ಮಿ ಆದಾಗೆಲ್ಲ ಹಾಕಿದೀನಲ್ಲ ಮಾರಾಯ. ಗಾಡಿ ತಗೊಂಡು ಆರು ವರ್ಷ. ವರ್ಷಕ್ಕೆ ಓಡೋದೇ ನಾಲ್ಕು ಸಾವಿರ ಕಿಲೋಮೀಟರು. ಸವೆಯೋಕೆ ಏನಾಗಿದೆ ಅದಕ್ಕೆ?"

ಗಾಲಿಗಳಿಂದ ಇಳಿಸಿದ ಆಯಿಲು ಹಳೆಯ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿತ್ತು. ಗೌಡರ ಆ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಏಕೆಂದರೆ ಅವರನ್ನು ಆ ಚರಂಡಿಗೆ ಇಳಿಸಿದ್ದು ಆ ನಂಬಿಕೆಯೇ. ನಮ್ಮಲ್ಲಿ ಮುಕ್ಕಾಲು ಪಾಲು ಜನರ ನಂಬಿಕೆಯೂ ಅದೇ.

ಓಡದ ಗಾಡಿಯಲ್ಲಿಯೂ ಕೆಡುವುದೇಕೆ?

ಇಂಜಿನ್ ಆಯಿಲು ಓಡಿದಷ್ಟೂ ಕೆಡುತ್ತದೆ. ಬ್ರೇಕ್ ಆಯಿಲು ಹಾಗಲ್ಲ. ಇದನ್ನು ಆಯಿಲು ಎಂದು ಕರೆಯುತ್ತೇವಾದರೂ ಇದು ನಿಜವಾಗಿ ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕಗಳಿಂದ ಮಾಡಿದ ದ್ರವ. ಎಣ್ಣೆ ನೀರನ್ನು ದೂರ ತಳ್ಳಿದರೆ, ಇದು ನೀರನ್ನು ಹತ್ತಿರಕ್ಕೆ ಎಳೆಯುತ್ತದೆ. ಬಾಯಿ ಬಿಚ್ಚಿದ ಯೂರಿಯಾ ಚೀಲವನ್ನು ಆಷಾಢದಲ್ಲಿ ಒಂದು ವಾರ ಇಟ್ಟರೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಚೀಲದ ಮೇಲೆ ಯಾರೂ ನೀರು ಸುರಿಯಲಿಲ್ಲ. ಗಾಳಿಯ ತೇವವನ್ನೇ ಅದು ಕುಡಿಯಿತು. ಬ್ರೇಕ್ ಆಯಿಲೂ ಹಾಗೆಯೇ. ಡಬ್ಬಿಯ ಮುಚ್ಚಳದ ಗಾಳಿಯ ಸಂದಿನಿಂದ, ಗಾಲಿಗೆ ಹೋಗುವ ರಬ್ಬರ್ ಪೈಪಿನ ಮೈಯಿಂದ ಕೂಡ, ತೇವ ಹಗಲೂ ರಾತ್ರಿ ಒಳಕ್ಕೆ ಹೋಗುತ್ತಿರುತ್ತದೆ. ಗಾಡಿ ಓಡುತ್ತಿದೆಯೋ ಕೊಟ್ಟಿಗೆಯಲ್ಲಿ ನಿಂತಿದೆಯೋ ಎಂಬುದನ್ನು ತೇವ ನೋಡುವುದಿಲ್ಲ. ಆದುದರಿಂದ ಇದರ ಲೆಕ್ಕ ಕಿಲೋಮೀಟರಿನಲ್ಲಿ ಮಾತ್ರ ಇಡತಕ್ಕದ್ದಲ್ಲ, ಪಂಚಾಂಗದಲ್ಲಿಯೂ ಇಡಬೇಕು.

ನೀರು ಸೇರಿದರೆ ಏನು ಕೇಡು? ಪೆಡಲಿಗೆ ನಾವು ಕೊಡುವ ಒತ್ತಡವನ್ನು ನಾಲ್ಕು ಗಾಲಿಗಳಿಗೂ ಒಯ್ಯುವುದು ಈ ದ್ರವ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಆದಕಾರಣ ಒತ್ತಡ ಪೂರ್ತಿಯಾಗಿ ತಲುಪುತ್ತದೆ. ಆದರೆ ಅದು ಕುದಿದು ಆವಿಯಾಯಿತೆನ್ನಿ, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿದು, ಗಾಲಿಗೆ ಏನೂ ತಲುಪುವುದಿಲ್ಲ. ತಣ್ಣಗಾದೊಡನೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ, ನಾವು ಮೋಸ ಹೋಗುತ್ತೇವೆ. ಚಾರ್ಮಾಡಿಯಲ್ಲಿ ನಡೆದದ್ದು ಇದೇ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಎರಡು ಬಗೆಗಳಿಗೆ ಡಾಟ್ 3, ಡಾಟ್ 4 ಎಂದು ಹೆಸರು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದು ಎಂಬುದು ನಿಯಮ. ನೂರರಲ್ಲಿ 3.7 ಪಾಲು ನೀರು ಸೇರಿದ ಮೇಲೆ ಅದಕ್ಕೆ ಇಟ್ಟಿರುವ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಅರ್ಧ ಲೀಟರಿಗೆ ನಾಲ್ಕು ಟೀ ಚಮಚೆಯೂ ತುಂಬದಷ್ಟು ನೀರು ಸೇರಿದರೆ 65-75 ಡಿಗ್ರಿ ಇಳಿದುಹೋಯಿತು!

ಬ್ರೇಕು ಅಷ್ಟು ಬಿಸಿಯಾಗುವುದುಂಟೆ ಎಂದು ಕೇಳಬಹುದು. ಒಂದು ಲೆಕ್ಕ ನೋಡೋಣ. ಸರಕೂ ಸೇರಿ ಎರಡೂವರೆ ಟನ್ ತೂಗುವ ಗಾಡಿ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಹುಟ್ಟುವ ಶಕ್ತಿಯಲ್ಲಿ ಸುಮಾರು 39 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಂದರೆ ಬಚ್ಚಲ ಹಂಡೆಯ ತುಂಬ ನೀರು ಮರಳುವಷ್ಟು ಕಾವು. ಕೆಳಗಿನ ಗೇರಿನಲ್ಲಿ ಇಳಿದರೆ ಅದರಲ್ಲಿ ಬಹುಪಾಲನ್ನು ಇಂಜಿನ್ನು ತಡೆದುಕೊಳ್ಳುತ್ತದೆ. ನ್ಯೂಟ್ರಲ್ಲಿನಲ್ಲೋ ಮೇಲಿನ ಗೇರಿನಲ್ಲೋ ಬಿಟ್ಟರೆ ಹೆಚ್ಚು ಕಡಿಮೆ ಎಲ್ಲವೂ ಅಂಗೈಯಗಲದ ಬ್ರೇಕುಗಳ ಮೇಲೆ ಬೀಳುತ್ತದೆ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂದು ಹಳೆಯ ಚಾಲಕರು ಹೇಳುವುದು ಸುಮ್ಮನೆ ಅಲ್ಲ. ಉಳಿಯುವ ಡೀಸೆಲಿನ ಆಸೆಯೂ ಸುಳ್ಳೇ. ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಈಗಿನ ಇಂಜಿನ್ನುಗಳು ಡೀಸೆಲನ್ನು ತಾವೇ ನಿಲ್ಲಿಸಿಕೊಳ್ಳುತ್ತವೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ?

ಹೆಚ್ಚಿನ ಕಾರು, ಪಿಕಪ್ಪುಗಳಿಗೆ ಎರಡು ವರ್ಷಕ್ಕೊಮ್ಮೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಕಿಲೋಮೀಟರಿನ ಲೆಕ್ಕವನ್ನೂ ಕೊಟ್ಟಿರುತ್ತಾರೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ನಮ್ಮ ಗಾಡಿಗಳು ಕಡಿಮೆ ಓಡುವುದರಿಂದ ನಮಗೆ ವರ್ಷದ ಲೆಕ್ಕವೇ ಮೊದಲು ಬರುತ್ತದೆ. ಕೆಲವು ಕಂಪೆನಿಗಳು ಮೂರು ವರ್ಷವೆಂದೂ ಹೇಳುತ್ತವೆ. ಮಲೆನಾಡಿನ ಮಳೆಯಲ್ಲಿ ನಿಂತು, ಭಾರ ಹೊತ್ತು, ಘಾಟಿ ಇಳಿಯುವ ಗಾಡಿಗೆ ಎರಡು ವರ್ಷ ದಾಟಿಸಬಾರದೆಂಬುದು ನನ್ನ ಅಭಿಪ್ರಾಯ. ಮಳೆಗಾಲ ಮುಗಿದು ಕೊಯ್ಲಿನ ಸಾಗಾಟ ಶುರುವಾಗುವ ಮುಂಚೆ ಮಾಡಿಸಿದರೆ ನೆನಪೂ ಇರುತ್ತದೆ.

ಬಿತ್ತನೆ ಭತ್ತ ಒಣಗಿದೆಯೋ ಇಲ್ಲವೋ ಎಂದು ಹಲ್ಲಿನಲ್ಲಿ ಕಡಿದು ನೋಡುತ್ತೇವೆ. ಬ್ರೇಕ್ ಆಯಿಲಿಗೆ ಅಂಥ ಪರೀಕ್ಷೆ ಮನೆಯಲ್ಲಿ ಇಲ್ಲ. ಬಣ್ಣ ಕಪ್ಪಾಗಿದ್ದರೆ ಹಳೆಯದೆಂಬುದು ನಿಜ. ಆದರೆ ಹೊಂಬಣ್ಣದಲ್ಲೇ ಇದ್ದೂ ನೀರು ಕುಡಿದಿರಬಹುದು. ಆದ್ದರಿಂದ ಬಣ್ಣ ನೋಡಿ ಸಮಾಧಾನ ಪಡಬೇಡಿ.

ಮೇಲಿಂದ ಮೇಲೆ ತುಂಬಿಸುವುದು ಬದಲಾವಣೆ ಅಲ್ಲ. ಒಳಗಿನ ನೀರು ಅಲ್ಲೇ ಉಳಿಯುತ್ತದೆ. ಅಲ್ಲದೆ ಡಬ್ಬಿಯಲ್ಲಿ ಮಟ್ಟ ಇಳಿದಿದೆ ಎಂದರೆ ಒಂದೋ ಬ್ರೇಕ್ ಪ್ಯಾಡು ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ತುಂಬಿಸಿ ಸುಮ್ಮನಾದರೆ ಆ ಸೂಚನೆಯನ್ನೇ ಅಳಿಸಿದಂತಾಗುತ್ತದೆ.

ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ನೋಡಿ. ಸಂಕೋಚ ಬೇಡ. ಹೊಸ ಡಬ್ಬಿಯ ಸೀಲು ನಿಮ್ಮ ಮುಂದೆಯೇ ಒಡೆಯಲಿ; ಕಳೆದ ವರ್ಷ ಬಿಚ್ಚಿಟ್ಟು ಉಳಿದದ್ದು ಬೇಡ, ಅದು ಡಬ್ಬಿಯಲ್ಲೇ ತೇವ ಕುಡಿದಿರುತ್ತದೆ. ಡಾಟ್ 3 ಬೇಕೋ 4 ಬೇಕೋ ಎಂಬುದು ಗಾಡಿಯ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಡಾಟ್ 5 ಎಂಬುದೊಂದಿದೆ. ಅದು ಸಿಲಿಕೋನಿನದು, ಇವುಗಳ ಜೊತೆ ಬೆರೆಸಕೂಡದು. ಮೇಸ್ತ್ರಿ ಮೊದಲು ಡಬ್ಬಿಯ ಹಳೆಯದನ್ನು ಹೀರಿ ತೆಗೆದು ಹೊಸದು ತುಂಬುತ್ತಾರೆ. ಅನಂತರ ಏರ್ ತೆಗೆಯುವ ರೀತಿಯಲ್ಲೇ, ಒಬ್ಬರು ಪೆಡಲು ಒತ್ತಿ ಹಿಡಿಯುತ್ತಿರಲು, ಗಾಲಿ ಗಾಲಿಯ ಚಿಕ್ಕ ತಿರುಪು ಸಡಿಲಿಸಿ ಹಳೆಯದನ್ನು ಹೊರದೂಡುತ್ತಾರೆ. ನಾಲ್ಕು ಗಾಲಿಗಳಲ್ಲೂ ತಿಳಿಯಾದ ಹೊಸ ದ್ರವ ಬರಬೇಕು. ನಡುವೆ ಡಬ್ಬಿ ಬರಿದಾಗಬಾರದು. ಆದರೆ ಗಾಳಿ ಹೊಕ್ಕು ಕೆಲಸ ಮೊದಲಿನಿಂದ ಆಗಬೇಕಾಗುತ್ತದೆ. ಹೊರಬಂದದ್ದನ್ನು ಮತ್ತೆ ಹಾಕಿಸಬೇಡಿ. ಎಲ್ಲ ಮುಗಿದ ಮೇಲೆ ಪೆಡಲು ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ಒತ್ತಿ ನೋಡಿಯೇ ಗಾಡಿ ಹೊರತೆಗೆಯಿರಿ. ದ್ರವದ ಬೆಲೆ ಕೆಲವೇ ನೂರು ರೂಪಾಯಿ. ಅಂದು ಜಜ್ಜಿದ ಗೊನೆಗಳ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚಾಗಿತ್ತು.

ಇಂಜಿನ್ ಆಯಿಲ್ ಅಳೆದ ಮಗ್ಗಿನಲ್ಲಿ ಇದನ್ನು ಸುರಿಯಲು ಬಿಡಬಾರದು. ಸ್ವಲ್ಪ ಖನಿಜ ಎಣ್ಣೆ ಬೆರೆತರೂ ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಹಾಳಾಗುತ್ತವೆ. ಆಗ ಎಲ್ಲ ರಬ್ಬರುಗಳನ್ನೂ ಬದಲಾಯಿಸಬೇಕು. ಇದರ ತಿರುವುಮುರುವು ತಪ್ಪು ಟ್ರ್ಯಾಕ್ಟರಿನಲ್ಲಿ ಆಗುತ್ತದೆ. ಹಲವು ಟ್ರ್ಯಾಕ್ಟರುಗಳ ಬ್ರೇಕು ಗೇರ್ ಪೆಟ್ಟಿಗೆಯ ಎಣ್ಣೆಯಲ್ಲೇ ಮುಳುಗಿರುತ್ತದೆ. ಅವುಗಳಿಗೆ ಈ ದ್ರವ ಹಾಕಲೇಕೂಡದು. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಏನಿದೆಯೋ ಅದನ್ನೇ ನಡೆಸಿ. ಮೋಟಾರ್ ಸೈಕಲಿಗೆ ಡಿಸ್ಕ್ ಬ್ರೇಕ್ ಇದ್ದರೆ ಹ್ಯಾಂಡಲಿನ ಮೇಲಿನ ಆ ಪುಟ್ಟ ಡಬ್ಬಿಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ನೆನೆಯುವವರೇ ಇಲ್ಲ.

ಈ ದ್ರವ ಬಣ್ಣವನ್ನು ಕಿತ್ತುಬಿಡುತ್ತದೆ, ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಹೊಟ್ಟೆಗೆ ಹೋದರೆ ವಿಷ. ಹಳೆಯದನ್ನು ಗದ್ದೆಯ ಕಾಲುವೆಗೆ ಸುರಿಯಬಾರದು, ದನಕರು ಮೂಸುವಲ್ಲಿ ಇಡಬಾರದು, ಖಾಲಿ ಡಬ್ಬಿಯನ್ನು ಅಡಿಗೆಮನೆಗೆ ಒಯ್ಯಬಾರದು.

ಇಷ್ಟಾದರೂ ದಾರಿಯಲ್ಲಿ ಪೆಡಲು ಮೆತ್ತಗಾಗಿ ಇಳಿದರೆ, ಬೇಗ ಬೇಗ ನಾಲ್ಕಾರು ಸಲ ತುಳಿಯಿರಿ. ಕೆಲವೊಮ್ಮೆ ಸ್ವಲ್ಪ ಹಿಡಿತ ಸಿಕ್ಕುತ್ತದೆ. ಗೇರು ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯಿರಿ, ಹಾರ್ನ್ ಬಿಡಬೇಡಿ. ಅದಕ್ಕೆ ಬೇರೆಯಾಗಿ, ಪೆಡಲು ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಕಾದದ್ದು ಪ್ಯಾಡುಗಳು. ಆಗಲೂ ನಿಲ್ಲಿಸಿ ತಣಿಸಲೇಬೇಕು. ಕಾದ ಡ್ರಮ್ಮಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ. ತಣಿದ ಮೇಲೆ ಪೆಡಲು ಸರಿಯಾಯಿತೆಂದು ಅದೇ ಭಾರದಲ್ಲಿ ಉಳಿದ ಘಾಟಿ ಇಳಿಯಕೂಡದು.

ನಮ್ಮ ಗೌಡರು ಈಗ ಬಾನೆಟ್ಟಿನ ಒಳಮೈಗೆ ಬಿಳಿ ಬಣ್ಣದಲ್ಲಿ ತಾರೀಖು ಬರೆಸುತ್ತಾರೆ. 2022ರ ನವೆಂಬರ್, 2024ರ ನವೆಂಬರ್ ಎಂದು ಎರಡು ಸಾಲುಗಳಿವೆ, ಕೆಳಗೆ ಇನ್ನೂ ನಾಲ್ಕು ಸಾಲಿಗೆ ಜಾಗ ಬಿಡಿಸಿದ್ದಾರೆ. ನಿಮ್ಮ ಗಾಡಿಯದು ಯಾವಾಗ ಆಯಿತೆಂದು ನೆನಪಿಗೆ ಬಾರದಿದ್ದರೆ ಆಗಿಯೇ ಇಲ್ಲವೆಂದು ತಿಳಿದು, ಮುಂದಿನ ಲೋಡಿಗೆ ಮುಂಚೆಯೇ ಮಾಡಿಸಿ.