ಹಳೆಯ ತಂಡದ ಕಾರ್ಡ್: ಹಿಂಬದಿಯನ್ನೂ ಓದೋಣ

ಕೆದಂಬಾಡಿಯ ನಮ್ಮ ಮನೆಯಲ್ಲಿ ದಾದಾರ ಒಂದು ಫೋಟೋ ಇದೆ. ಒಂಬತ್ತು ಯುವಕರು, ಮುಂದೆ ಒಂದು ವಾಲಿಬಾಲ್. ಸ್ಟುಡಿಯೋದವರು ಅದನ್ನು ಪೋಸ್ಟ್ ಕಾರ್ಡ್ ಕಾಗದದ ಮೇಲೆ ತೆಗೆದುಕೊಟ್ಟಿದ್ದರು. ಆರನೇ ತರಗತಿಯಲ್ಲಿದ್ದಾಗ ನಾನು ಅದಕ್ಕೆ ಗಮ್ ಹಚ್ಚಿ ಆಲ್ಬಂನಲ್ಲಿ ಅಂಟಿಸಿದೆ. ಅದರ ಹಿಂದೆ ದಾದಾ ಉರ್ದುವಿನಲ್ಲಿ ಎಲ್ಲರ ಹೆಸರು ಬರೆದಿದ್ದರೆಂದು ದಾದಿ ಹೇಳಿದ್ದು ಆಮೇಲೆ. ಬಿಡಿಸಲು ಹೋದಾಗ ಕಾಗದ ಹರಿಯಿತು. ನಾಲ್ಕು ಹೆಸರು ಮಾತ್ರ ಉಳಿದವು. ಕೇಳೋಣವೆಂದರೆ ಆಗ ದಾದಾ ಇರಲಿಲ್ಲ.

ಆ ತಪ್ಪಿನಿಂದಾಗಿ ಹಳೆಯ ಕಾರ್ಡ್‌ಗಳ ಬಗ್ಗೆ ಓದತೊಡಗಿದೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಹುಟ್ಟು: ಜಗತ್ತಿನ ಮೊದಲ ಸರಕಾರಿ ಅಂಚೆ ಕಾರ್ಡ್ 1869ರಲ್ಲಿ ಆಸ್ಟ್ರಿಯಾ-ಹಂಗೇರಿಯಲ್ಲಿ ಬಂತು. ಭಾರತದಲ್ಲಿ 1879ರ ಜುಲೈ 1ರಂದು ಕಾಲು ಆಣೆಗೆ ಮಾರಾಟವಾಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬೇಸ್‌ಬಾಲ್ ತಂಡಗಳ ಚಿತ್ರವಿರುವ ಕಾರ್ಡ್‌ಗಳು ಬಂದವು. ಈಗ ಅವುಗಳನ್ನು ಹುಡುಕಿ ಸಂಗ್ರಹಿಸುವವರಿದ್ದಾರೆ.

2. ಕಾಲ ತಿಳಿಯುವುದು: ಅಮೆರಿಕದಲ್ಲಿ 1907ರ ಮಾರ್ಚ್ 1ರವರೆಗೆ ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು. ನಂತರ ನಡುವೆ ಗೆರೆ ಬಂತು. ಎಡಕ್ಕೆ ಸಂದೇಶ, ಬಲಕ್ಕೆ ವಿಳಾಸ. ಅಂಚೆ ಮುದ್ರೆ ಕಳುಹಿಸಿದ ದಿನವನ್ನು ಹೇಳುತ್ತದೆಯೇ ಹೊರತು ಮುದ್ರಿಸಿದ ದಿನವನ್ನಲ್ಲ.

3. ಫೋಟೋವೋ ಅಚ್ಚೋ: ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಚುಕ್ಕಿಗಳು ಸಾಲಾಗಿ ಕಂಡರೆ ಸಾಮಾನ್ಯವಾಗಿ ಅದು ಯಂತ್ರದಲ್ಲಿ ಅಚ್ಚಾದದ್ದು. ಚುಕ್ಕಿಗಳಿಲ್ಲದೆ ನಯವಾಗಿದ್ದರೆ ನಿಜವಾದ ಫೋಟೋ ಇರಬಹುದು.

4. ಬೆಲೆ: ಪೂರೈಕೆ ಕಡಿಮೆ, ಬೇಡಿಕೆ ಹೆಚ್ಚು ಆದರೆ ಬೆಲೆ ಏರುತ್ತದೆ ಎಂದು ನಾವು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಚಿತ್ರವಿದ್ದ, ಸಿಗರೇಟಿನ ಜೊತೆ ಕೊಡುತ್ತಿದ್ದ ಒಂದು ಚಿಕ್ಕ ಕಾರ್ಡ್ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಮುದ್ರಣ ಬೇಗ ನಿಂತದ್ದರಿಂದ ಉಳಿದಿರುವುದು ಬಹಳ ಕಡಿಮೆ. ಕಾರ್ಡ್ ಹರಿದರೆ, ಅಂಟಿಸಿದರೆ ಬೆಲೆ ಇಳಿಯುತ್ತದೆ.

5. ಹೆಸರು: 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ಕ್ರಿಕೆಟ್ ತಂಡದ ಗುಂಪು ಚಿತ್ರವಿದೆ. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ಅದೇ ತಂಡದಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಲ್ವಾಂಕರ್ ಬಾಲೂ, ಮೈಸೂರಿನ ಬಿ. ಜಯರಾಂ ಇದ್ದರು. ಆ ಪ್ರವಾಸದಲ್ಲಿ ಬಾಲೂ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಹೆಸರು ಬರೆದಿಡದಿದ್ದರೆ ಮಹಾರಾಜ ಯಾರು, ಬಾಲೂ ಯಾರು ಎಂದು ನಮಗೆ ಹೇಗೆ ತಿಳಿಯುತ್ತಿತ್ತು?

6. ಕಾಪಾಡುವುದು: ಗಮ್, ಟೇಪ್, ಲ್ಯಾಮಿನೇಶನ್ ಬೇಡ. ಮೂಲೆಗಳನ್ನು ಮಾತ್ರ ಹಿಡಿಯುವ ಕಾಗದದ ಪಟ್ಟಿ ಸಾಕು. ತೇವ ತಾಗದ ಜಾಗದಲ್ಲಿಡಿ. ನಮ್ಮ ಊರಿನ ಮಳೆಗಾಲ ಗೊತ್ತಲ್ಲ! ಮೊಬೈಲ್‌ನಲ್ಲಿ ಎರಡೂ ಬದಿಯ ಫೋಟೋ ತೆಗೆದಿಡಿ.

ದಾದಾರ ಕಾರ್ಡನ್ನು ಯಾರೂ ಹಣಕ್ಕೆ ಕೊಳ್ಳಲಾರರು. ಆದರೆ ನಾನು ಕಳೆದ ಐದು ಹೆಸರುಗಳ ನಷ್ಟವನ್ನು ಯಾವ ಲೆಕ್ಕಪುಸ್ತಕದಲ್ಲಿ ಬರೆಯಲಿ? ಕಳೆದ ತಿಂಗಳು ಊರಿನ ಹಿರಿಯರೊಬ್ಬರಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಎಡತುದಿಯವನ ಮೇಲೆ ಬೆರಳಿಟ್ಟು, "ಇವ ನನ್ನ ಅಣ್ಣ" ಎಂದರು. ದಾದಿ ಆ ಹೆಸರನ್ನು ಉರ್ದುವಿನಲ್ಲಿ ಬರೆದರು, ನಾನು ಕೆಳಗೆ ಕನ್ನಡದಲ್ಲಿ ಬರೆದೆ. ಇನ್ನು ನಾಲ್ಕು ಬಾಕಿ.

ನಿಮ್ಮ ಮನೆಯಲ್ಲೂ ಇಂಥ ಫೋಟೋ ಇದ್ದರೆ, ಗುರುತಿಸುವವರು ಇರುವಾಗಲೇ ಕೇಳಿ ಬರೆದಿಡಿ.