ಹೊರಗಿನ ಗಾಡಿಗೆ ನಮ್ಮ ನಂಬರು

ಚಿಕ್ಕೋಡಿ ಕಡೆಯ ಒಂದು ಹಳ್ಳಿ. ಅಲ್ಲಿ ಒಬ್ಬ ರೈತ, ಅವನ ಹೆಂಡತಿ, ವಯಸ್ಸಾದ ತಾಯಿ. ಆ ವರ್ಷ ಕಬ್ಬಿನ ಬಿಲ್ಲು ಕೈಗೆ ಬಂತು.

"ಅವ್ವನ್ನ ದವಾಖಾನಿಗೆ ಕರಕೊಂಡು ಹೋಗಾಕ ಒಂದು ಹಳೇ ಕಾರು ತಗೊಳ್ಳೂಣು" ಎಂದ ರೈತ. ಹೆಂಡತಿ ಹೂಂ ಎಂದಳು.

ಕೊಲ್ಲಾಪುರದಿಂದ ಒಬ್ಬ ದಲ್ಲಾಳಿ ಕಾರು ತಂದ. ಬಣ್ಣ ಚೆನ್ನಾಗಿತ್ತು. ಬೆಲೆಯೂ ಕಡಿಮೆ. ಫಲಕದ ಮೇಲೆ ಎಂ.ಎಚ್. 09 ಎಂದಿತ್ತು. ಎಂ.ಎಚ್. ಎಂದರೆ ಮಹಾರಾಷ್ಟ್ರ. 09 ಎಂದರೆ ಕೊಲ್ಲಾಪುರ. ನಮ್ಮ ರಾಜ್ಯದ್ದು ಕೆ.ಎ. ಚಿಕ್ಕೋಡಿಯದು 23.

"ಇದಕ್ಕ ನಮ್ಮ ಕಡೆ ನಂಬರು ಹೆಂಗ?" ರೈತ ಕೇಳಿದ.

"ಅದೇನ್ ದೊಡ್ಡ ಮಾತು? ಪೇಂಟರ್ ಕಡೆ ಕೆ.ಎ. ಅಂತ ಬರಸೂಣು. ಎರಡು ಸ್ಕ್ರೂ ಹಾಕಿದರ ಮುಗೀತು" ಎಂದ ದಲ್ಲಾಳಿ.

ರೈತನ ಹೆಂಡತಿ ರಾತ್ರಿ ಸಾಕ್ಷರತಾ ತರಗತಿಯಲ್ಲಿ ಓದು ಕಲಿತವಳು. ಗಾಡಿ ಕಾಗದದ ವಿಷಯ ಮಾಸ್ತರು ಅಲ್ಲಿ ತಿಳಿಸಿದ್ದರು.

"ಅಣ್ಣಾರ, ಆರ್.ಸಿ. ಕಾರ್ಡು ತೋರಸ್ರಿ. ಗಾಡಿ ಮ್ಯಾಲಿನ ಚಾಸಿ ನಂಬರೂ ತೋರಸ್ರಿ" ಎಂದಳು.

ಚಾಸಿ ನಂಬರನ್ನು ಗಾಡಿಯ ಕಬ್ಬಿಣದ ಮೇಲೆಯೇ ಕೊರೆದಿರುತ್ತಾರೆ. ಅದೇ ನಂಬರು ಆರ್.ಸಿ. ಕಾರ್ಡಿನಲ್ಲಿಯೂ ಇರಬೇಕು. ಅವಳು ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು. ಕಾರ್ಡಿನಲ್ಲಿ ಕೊನೆಯ ಅಂಕಿ 3. ಗಾಡಿಯ ಮೇಲೆ 8.

"ರೀ, ಈ ಕಾರ್ಡು ಈ ಗಾಡೀದಲ್ಲ!"

"ಒಂದು ಅಂಕಿ ಅಷ್ಟ ಅಲ್ಲೇನಕ್ಕಾ? ಬರೆಯೂ ಮುಂದ ತಪ್ಪಿರತೈತಿ" ಎಂದ ದಲ್ಲಾಳಿ.

"ಹಂಗಾದ್ರ ಕೊಲ್ಲಾಪುರ ಕಚೇರಿಯ ನಿರಾಕ್ಷೇಪಣಾ ಪತ್ರ ಕೊಡ್ರಿ."

ದಲ್ಲಾಳಿ ಮಾತಾಡಲಿಲ್ಲ. ಕಾರು ಬಂದ ದಾರಿಯಲ್ಲೇ ಹೋಯಿತು.

ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಹೇಳಿದಳು: "ನಿನ್ನ ಓದು ಇವತ್ತು ಕಬ್ಬಿನ ರೊಕ್ಕ ಉಳಸ್ತು ನೋಡವಾ."

ಸರಿಯಾದ ದಾರಿ ಯಾವುದು?

ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ನಮ್ಮಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕು. 1988ರ ಮೋಟಾರು ವಾಹನ ಕಾಯ್ದೆ ಹೀಗೆ ಹೇಳುತ್ತದೆ.

1. ಮೊದಲು ಹಳೇ ಊರಿನ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಇದನ್ನೇ ಜನ ಎನ್.ಓ.ಸಿ. ಎನ್ನುತ್ತಾರೆ. ಇದರ ಅರ್ಜಿ ನಮೂನೆ 28. ತೆರಿಗೆ ಬಾಕಿ ಇದೆಯೇ, ಕಳವಿನ ದೂರು ಇದೆಯೇ ಎಂದು ನೋಡಿ ಈ ಪತ್ರ ಕೊಡುತ್ತಾರೆ. ಗಾಡಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು.

2. ಆಮೇಲೆ ನಮ್ಮ ಆರ್.ಟಿ.ಓ. ಕಚೇರಿಗೆ ಹೋಗಿ. ಹೆಸರು ಬದಲಾಯಿಸಲು ನಮೂನೆ 29 ಮತ್ತು 30. ಹೊಸ ನಂಬರಿಗೆ ನಮೂನೆ 27.

3. ಗಾಡಿ ತೋರಿಸಿ. ಕರ್ನಾಟಕದ ತೆರಿಗೆ ಕಟ್ಟಿ. ರಸೀದಿ ಜೋಪಾನವಾಗಿಡಿ.

4. ಕಚೇರಿ ಹೊಸ ನಂಬರು ಕೊಟ್ಟ ಮೇಲೆಯೇ ಹೊಸ ಫಲಕ ಹಾಕಿಸಿ.

ಗಾಡಿ ಹೊರದೇಶದಿಂದ ಬಂದದ್ದಾದರೆ ಕಸ್ಟಮ್ಸ್ ಇಲಾಖೆಯ ಪತ್ರವನ್ನೂ ತೋರಿಸಬೇಕು.

ಫಲಕ ಹೇಗಿರಬೇಕು?

ಈಗ ಎಲ್ಲ ಗಾಡಿಗೂ ಎಚ್.ಎಸ್.ಆರ್.ಪಿ. ಫಲಕ ಬೇಕು. 2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗೆ ಇದು ಹೊಸದರಲ್ಲೇ ಬರುತ್ತದೆ. ಹಳೇ ಗಾಡಿಗೆ ನಾವೇ ಹಾಕಿಸಬೇಕು. ಇದು ಅಲ್ಯೂಮಿನಿಯಂ ಹಾಳೆ. ಎಡಗಡೆ ಮೇಲೆ ಹೊಳೆಯುವ ಅಶೋಕ ಚಕ್ರ ಇರುತ್ತದೆ. ಎಡಗಡೆ ಕೆಳಗೆ ಸಣ್ಣ ಅಂಕಿಗಳ ಗುರುತು ಇರುತ್ತದೆ. ಹಿಂದಿನ ಫಲಕವನ್ನು ಬಿಚ್ಚಲಾಗದ ಕೊಂಡಿಯಿಂದ ಕೂರಿಸುತ್ತಾರೆ. ಹೀಗಾಗಿ ಒಂದು ಗಾಡಿಯ ಫಲಕ ತೆಗೆದು ಇನ್ನೊಂದಕ್ಕೆ ಹಾಕುವುದು ಕಷ್ಟ.

ಕಾರಿನ ಫಲಕ 50 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಎತ್ತರ ಇರುತ್ತದೆ. ಇಲ್ಲವೇ 34 ಉದ್ದ, 20 ಎತ್ತರ ಇರುತ್ತದೆ. ಸ್ವಂತ ಗಾಡಿಗೆ ಬಿಳಿ ಫಲಕ, ಕಪ್ಪು ಅಕ್ಷರ. ಬಾಡಿಗೆ ಗಾಡಿಗೆ ಹಳದಿ ಫಲಕ, ಕಪ್ಪು ಅಕ್ಷರ. ಕರೆಂಟಿನಿಂದ ಓಡುವ ಗಾಡಿಗೆ ಹಸಿರು ಫಲಕ.

ರಸ್ತೆ ಬದಿಯಲ್ಲಿ ಬರೆಸಿದ ಫಲಕ ನಡೆಯುವುದಿಲ್ಲ. ಸುಳ್ಳು ನಂಬರು ಹಾಕಿ ಸಿಕ್ಕಿಬಿದ್ದರೆ ಗಾಡಿ ಪೊಲೀಸ್ ಠಾಣೆ ಸೇರುತ್ತದೆ. ಮಾರಿದವನು ಕೈಗೆ ಸಿಗುವುದಿಲ್ಲ. ಉತ್ತರ ಹೇಳಬೇಕಾದವರು ನಾವೇ.

ನೆನಪಿಡಿ: ಮೊದಲು ಕಾಗದ ಓದಿ. ಆಮೇಲೆ ಹಣ ಕೊಡಿ. ಕೊನೆಗೆ ಫಲಕ ಹಾಕಿಸಿ.

ಯೋಚಿಸಿ, ಹೇಳಿ

1. ಆರ್.ಸಿ. ಕಾರ್ಡು ಆ ಗಾಡಿಯದಲ್ಲ ಎಂದು ಹೆಂಡತಿಗೆ ಹೇಗೆ ತಿಳಿಯಿತು?
2. ದಲ್ಲಾಳಿಯ ಮಾತು ಕೇಳಿದ್ದರೆ ಆ ಮನೆಗೆ ಏನಾಗುತ್ತಿತ್ತು?
3. ನಿಮ್ಮ ಊರಿನ ಗಾಡಿಗಳ ಫಲಕದಲ್ಲಿ ಕೆ.ಎ. ಆದ ಮೇಲೆ ಯಾವ ಅಂಕಿ ಇದೆ? ನೋಡಿ ಬರೆಯಿರಿ.