ಆಸ್ಪತ್ರೆ ಬಿಲ್ಲು ಕಟ್ಟಿದರೆ ಪರಿಹಾರ ಕೊಟ್ಟಂತಲ್ಲ

“ಆಸ್ಪತ್ರೆ ಖರ್ಚೆಲ್ಲ ನಾನೇ ನೋಡ್ಕೊಂಡಿದ್ದೀನಿ, ಕೈಗೂ ಒಂದಿಷ್ಟು ಕೊಟ್ಟಿದ್ದೀನಿ, ಇನ್ನೇನು ಬೇಕಂತೆ?” ಕೆಲಸದ ಜಾಗದಲ್ಲಿ ಬೆರಳನ್ನೋ ಕಾಲನ್ನೋ ಕಳೆದುಕೊಂಡವರ ಮನೆಯವರು ಮಾಲೀಕರ ಬಾಯಿಂದ ಕೇಳುವ ಮಾತು ಹೆಚ್ಚುಕಡಿಮೆ ಇದೇ. ಊರಿನ ಹಿರಿಯರು ಕೂತು ಮಾಡುವ ರಾಜಿಯಲ್ಲೂ ಈ ಮಾತಿಗೆ ತಲೆದೂಗುವವರೇ ಜಾಸ್ತಿ. ಕಾನೂನು ಮಾತ್ರ ತಲೆದೂಗುವುದಿಲ್ಲ. ಚಿಕಿತ್ಸೆಗೆಂದು ಮಾಲೀಕ ಕೊಟ್ಟ ಹಣ ಪರಿಹಾರದ ಲೆಕ್ಕಕ್ಕೆ ಬರುವುದೇ ಇಲ್ಲ. ಕೆಲಸದಲ್ಲಾದ ಗಾಯದ ಚಿಕಿತ್ಸೆಗೆ ನೌಕರನೇ ಖರ್ಚು ಮಾಡಿದ್ದರೆ ಅದನ್ನು ಮಾಲೀಕ ತುಂಬಿಕೊಡಬೇಕು. ದುಡಿಯುವ ಶಕ್ತಿ ಹೋದದ್ದಕ್ಕೆ ಪರಿಹಾರವನ್ನು ಬೇರೆಯಾಗಿ ಕೊಡಬೇಕು.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಈ ಪ್ರಶ್ನೆ ಮೊದಲಿಗಿಂತ ಈಗ ಹೆಚ್ಚು ಮನೆಗಳನ್ನು ಮುಟ್ಟುತ್ತಿದೆ. ತೆಂಗು, ಅಡಿಕೆಯ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ ಮತ್ತು ಕುಣಿಗಲ್‌ನ ಅಂಚೇಪಾಳ್ಯದ ಕೈಗಾರಿಕಾ ಪ್ರದೇಶಗಳಿಗೆ ಸುತ್ತಲಿನ ಹಳ್ಳಿಗಳ ಹುಡುಗರು ಶಿಫ್ಟ್ ಲೆಕ್ಕದಲ್ಲಿ ಹೋಗಿಬರುತ್ತಾರೆ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವವರು ಇನ್ನೆಷ್ಟೋ ಮಂದಿ. ಪ್ರೆಸ್ ಮಷೀನು, ಕಲ್ಲುಕ್ವಾರಿ, ಲಾರಿ, ಕಟ್ಟಡದ ಸಾರುವೆ: ಕೈಕಾಲಿಗೆ ಅಪಾಯವಿರುವ ಕೆಲಸಗಳೇ ಹೆಚ್ಚು.

ಈ ಹಕ್ಕು ಹೊಸದೇನಲ್ಲ. ಬ್ರಿಟಿಷರ ಕಾಲದ 1923ರ ಕಾರ್ಮಿಕರ ಪರಿಹಾರ ಕಾಯ್ದೆ 1924ರ ಜುಲೈ 1ರಿಂದ ಜಾರಿಗೆ ಬಂತು. 2009ರ ತಿದ್ದುಪಡಿ ಅದಕ್ಕೆ ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಕೊಟ್ಟಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾದ ಮೇಲೆ ಅದರ ತಿರುಳು ಸಂಹಿತೆಯೊಳಗೆ ಸೇರಿಕೊಂಡಿದೆ. ಆ ದಿನಕ್ಕಿಂತ ಮುಂಚೆ ನಡೆದ ಅಪಘಾತಕ್ಕೆ ಹಳೆಯ ಕಾಯ್ದೆಯಡಿ ಹುಟ್ಟಿದ ಹಕ್ಕು ಹಾಗೆಯೇ ಉಳಿಯುತ್ತದೆ. “ಹಳೇ ಕಾನೂನು ರದ್ದಾಯ್ತಲ್ಲ, ಕೇಸು ನಿಲ್ಲಲ್ಲ” ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ಮೊದಲು ನೋಡಬೇಕಾದದ್ದು ಸಂಬಳದ ಚೀಟಿ. ಅದರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ಶೇ. 0.75 ಕಡಿತವಾಗಿದ್ದರೆ ದಾರಿ ಬೇರೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂ.ವರೆಗೆ ಸಂಬಳ ಪಡೆಯುವವರು ಇಎಸ್‌ಐಗೆ ಒಳಪಡುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸೌಲಭ್ಯ ಉಂಟು. ತಾತ್ಕಾಲಿಕವಾಗಿ ದುಡಿಯಲಾಗದ ಅವಧಿಗೆ ಸರಾಸರಿ ಕೂಲಿಯ ಶೇ. 90ರಷ್ಟು ಸಿಗುತ್ತದೆ, ಶಾಶ್ವತ ಊನವಾದರೆ ವೈದ್ಯಕೀಯ ಮಂಡಳಿ ನಿಗದಿಮಾಡಿದ ಪ್ರಮಾಣದಲ್ಲಿ ಹಣ ಬರುತ್ತದೆ, ಸಾವಾದರೆ ಅವಲಂಬಿತರಿಗೆ ತಿಂಗಳು ತಿಂಗಳು ಪಿಂಚಣಿಯಂತೆ ಸಲ್ಲುತ್ತದೆ. ಇಎಸ್‌ಐ ಇದ್ದವರು ಮಾಲೀಕರ ಮೇಲೆ ಪ್ರತ್ಯೇಕ ಪರಿಹಾರ ಕೇಳುವಂತಿಲ್ಲ. ಹಣ ಮುರಿದುಕೊಂಡೂ ಮಾಲೀಕ ಇಎಸ್‌ಐಗೆ ಕಟ್ಟದಿದ್ದರೆ ಆ ತಪ್ಪು ಅವನದು. ಇಎಸ್‌ಐ ನಿಗಮವು ನೌಕರನಿಗೆ ಸೌಲಭ್ಯ ಕೊಟ್ಟು ಮಾಲೀಕನಿಂದ ವಸೂಲು ಮಾಡಬಹುದು.

ಇಎಸ್‌ಐ ಇಲ್ಲದವರ ಪಾಲಿಗೆ ಉಳಿದದ್ದು ನೌಕರರ ಪರಿಹಾರ. ಇಲ್ಲಿ ಮಾಲೀಕನದೇ ತಪ್ಪು ಎಂದು ಸಾಬೀತು ಮಾಡುವ ಗೋಜಿಲ್ಲ. ಅಪಘಾತ ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಆಯಿತು ಎಂಬುದು ತೋರಿದರೆ ಸಾಕು. “ಅವನೇ ಗಮನ ಕೊಡದೆ ಕೈ ಇಟ್ಟ” ಎಂಬ ವಾದ ನಡೆಯುವುದಿಲ್ಲ. ಕುಡಿದಿದ್ದ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ, ಮಷೀನಿನ ಗಾರ್ಡನ್ನು ತಾನೇ ತೆಗೆದ ಎಂಬ ಮೂರು ಕಾರಣಗಳಿಗೆ ಕಾನೂನು ಕಿವಿಗೊಡುತ್ತದೆ. ಆದರೆ ಸಾವು ಅಥವಾ ಸಂಪೂರ್ಣ ಶಾಶ್ವತ ಊನ ಆಗಿದ್ದರೆ ಆ ಮೂರೂ ಕೆಲಸಕ್ಕೆ ಬಾರವು.

ಇನ್ನು ಲೆಕ್ಕ. ಪರಿಹಾರ ಎಷ್ಟೆಂಬುದನ್ನು ಮಾಲೀಕನ ದೊಡ್ಡ ಮನಸ್ಸಿಗಾಗಲಿ ಊರ ಪಂಚಾಯ್ತಿಗಾಗಲಿ ಕಾನೂನು ಬಿಟ್ಟಿಲ್ಲ, ಕೋಷ್ಟಕವನ್ನೇ ಹಾಕಿಕೊಟ್ಟಿದೆ. ಸಂಪೂರ್ಣ ಶಾಶ್ವತ ಊನಕ್ಕೆ ತಿಂಗಳ ಸಂಬಳದ ಶೇ. 60ನ್ನು, ಸಾವಿಗೆ ಶೇ. 50ನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 35 ವರ್ಷಕ್ಕೆ ಗುಣಕ 197.06, 40ಕ್ಕೆ 184.17. ಕಾಯ್ದೆಯಡಿ 2020ರ ಜನವರಿ 3ರ ಅಧಿಸೂಚನೆಯಂತೆ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮೊತ್ತ 15,000 ರೂ. ಈ ಮಿತಿಯನ್ನು ಸರ್ಕಾರ ಅಧಿಸೂಚನೆಯಿಂದ ಬದಲಿಸಬಹುದಾದ್ದರಿಂದ ಅಪಘಾತದ ದಿನ ಯಾವುದು ಜಾರಿಯಲ್ಲಿತ್ತೋ ಅದನ್ನು ನೋಡಬೇಕು. ಗಾಯಕ್ಕೂ ಪಟ್ಟಿಯಿದೆ. ಹೆಬ್ಬೆರಳು ಹೋದರೆ ಶೇ. 30, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ. 50, ಎರಡೂ ಕೈ ಹೋದರೆ ಶೇ. 100.

ಉದಾಹರಣೆಗೆ, 35 ವರ್ಷದ, ತಿಂಗಳಿಗೆ 18,000 ರೂ. ದುಡಿಯುವ ಪ್ರೆಸ್ ಆಪರೇಟರ್ ಒಂದು ಕೈಯ ನಾಲ್ಕು ಬೆರಳು ಕಳೆದುಕೊಂಡನೆನ್ನೋಣ. 15,000ದ ಶೇ. 60 ಎಂದರೆ 9,000, ಅದನ್ನು 197.06ರಿಂದ ಗುಣಿಸಿದರೆ 17,73,540. ಅದರ ಅರ್ಧ 8,86,770 ರೂ. ಐವತ್ತು ಸಾವಿರಕ್ಕೋ ಒಂದು ಲಕ್ಷಕ್ಕೋ ಬಿಳಿ ಹಾಳೆಗೆ ಸಹಿ ಹಾಕಿಸಿಕೊಳ್ಳುವವರು ಈ ಗುಣಾಕಾರವನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಪಟ್ಟಿಯ ಶೇಕಡಾವಾರು ಕೊನೆಯ ಮಾತೂ ಅಲ್ಲ. ಒಡಿಶಾದ ಜೈಪುರದಲ್ಲಿ ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1968ರಲ್ಲಿ ಬಿದ್ದು, ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಅದು ಭಾಗಶಃ ಊನ. ಒಂದೇ ಕೈಯಲ್ಲಿ ಬಡಗಿ ಕೆಲಸ ಹೇಗೆ ಮಾಡಿಯಾನು ಎಂಬ ಸರಳ ಪ್ರಶ್ನೆಯ ಮೇಲೆ ಸುಪ್ರೀಂ ಕೋರ್ಟ್ ಅದನ್ನು ಸಂಪೂರ್ಣ ಊನವೆಂದೇ ಎತ್ತಿಹಿಡಿಯಿತು. ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣವಿದೆ. ಆಯನೂರಿನಿಂದ ಶಿವಮೊಗ್ಗದ ಕಡೆ ಟ್ಯಾಂಕರ್ ಓಡಿಸುತ್ತಿದ್ದ ಚಾಲಕ ಅಪಘಾತದಲ್ಲಿ ಬಲಗಾಲನ್ನು ಮಂಡಿಯವರೆಗೆ ಕಳೆದುಕೊಂಡ. ಹೈಕೋರ್ಟ್ ನಷ್ಟವನ್ನು ಶೇ. 65ಕ್ಕೆ ಇಳಿಸಿತ್ತು, 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶೇ. 100 ಎಂದಿತು. ಕಾಲಿಲ್ಲದವನಿಗೆ ಚಾಲನಾ ಪರವಾನಗಿಯೇ ಸಿಗದಿರುವಾಗ ಉಳಿದ ಶೇ. 35 ಎಲ್ಲಿಂದ ದುಡಿಯಬೇಕು? ಆದ್ದರಿಂದ ವೈದ್ಯರ ಪ್ರಮಾಣಪತ್ರದಲ್ಲಿ ಬರೀ ಅಂಗದ ಊನವನ್ನು ಬರೆಸಿದರೆ ಸಾಲದು. ತಾನು ಮಾಡುತ್ತಿದ್ದ ಕೆಲಸ ಯಾವುದು, ಅದನ್ನು ಇನ್ನು ಮಾಡಬಹುದೇ ಎಂಬುದೂ ಅರ್ಜಿಯಲ್ಲಿ, ಸಾಕ್ಷ್ಯದಲ್ಲಿ ಬರಬೇಕು.

ಕಂಟ್ರಾಕ್ಟರ್ ಕೆಳಗೆ ದುಡಿಯುವವರಿಗೆ “ಅವನು ನಮ್ಮ ನೌಕರನೇ ಅಲ್ಲ” ಎಂಬ ಉತ್ತರ ಬರುವುದುಂಟು. ಕಂಪನಿಯ ಕೆಲಸವನ್ನೇ ಕಂಟ್ರಾಕ್ಟರ್ ಮಾಡಿಸುತ್ತಿದ್ದರೆ ಮೂಲ ಮಾಲೀಕ ಪರಿಹಾರ ಕೊಟ್ಟು, ಬೇಕಿದ್ದರೆ ಕಂಟ್ರಾಕ್ಟರ್‌ನಿಂದ ವಸೂಲು ಮಾಡಿಕೊಳ್ಳಬೇಕು. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರಾಗಿ ಸೇರಿಸುವುದು ಜಾಣತನ. ದಿನಗೂಲಿ, ಹಂಗಾಮಿ ಎಂಬ ನೆಪವೂ ಸಲ್ಲದು. ಲಾರಿ ಚಾಲಕರು, ಕ್ಲೀನರ್‌ಗಳು ಮೋಟಾರು ವಾಹನ ಕಾಯ್ದೆ ಅಥವಾ ನೌಕರರ ಪರಿಹಾರ, ಎರಡರಲ್ಲಿ ಒಂದನ್ನು ಆರಿಸಬೇಕು. ಎರಡೂ ಕಡೆ ಕೇಳುವಂತಿಲ್ಲ.

ದಾರಿಯಲ್ಲಿ ಆದ ಅಪಘಾತದ ಬಗ್ಗೆ ಈಚೆಗೆ ಒಳ್ಳೆಯ ಸ್ಪಷ್ಟತೆ ಬಂದಿದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ಪಾಳಿಗೆಂದು ಬೈಕಿನಲ್ಲಿ ಹೊರಟು ಕಾರ್ಖಾನೆ ಇನ್ನು 5 ಕಿ.ಮೀ. ಇರುವಾಗ ಸತ್ತ. ಅದು ಕೆಲಸದ ಅವಧಿಯಲ್ಲೇ ಆದ ಅಪಘಾತ ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 29ರಂದು ತೀರ್ಪು ಕೊಟ್ಟಿತು. ಹೊಸ ಸಂಹಿತೆ ಇದನ್ನು ನೇರವಾಗಿಯೇ ಬರೆದಿದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗಿನ ಅಪಘಾತಕ್ಕೂ ಕೆಲಸಕ್ಕೂ ಹೊತ್ತು, ಜಾಗ, ಸಂದರ್ಭಗಳ ನಂಟಿದ್ದರೆ ಪರಿಹಾರ ಸಲ್ಲುತ್ತದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಿಂದ ರಾತ್ರಿ ಪಾಳಿಗೆ ಬೈಕಿನಲ್ಲಿ ಹೋಗುವವನಿಗೆ ಇದು ಸಣ್ಣ ವಿಷಯವಲ್ಲ. ಪಾಳಿಯ ಹಾಜರಿ ದಾಖಲೆ ಅಲ್ಲಿ ದೊಡ್ಡ ಸಾಕ್ಷಿ.

ಗಾಯವಾದ ದಿನವೇ ಆಗಬೇಕಾದ ಕೆಲಸವೊಂದಿದೆ. ಆಸ್ಪತ್ರೆಯಲ್ಲಿ ಮನೆಯಲ್ಲೇ ಬಿದ್ದ ಎಂದು ಬರೆಸುವ ಒತ್ತಡ ಬಂದರೆ ಒಪ್ಪದೆ, ಎಲ್ಲಿ, ಯಾವ ಮಷೀನಿನಲ್ಲಿ, ಯಾರ ಬಳಿ ಕೆಲಸದಲ್ಲಿದ್ದಾಗ ಆಯಿತೆಂದು ವೈದ್ಯಕೀಯ–ಕಾನೂನು ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಬೇಕು. ಮುಂದಿನ ಕೇಸೆಲ್ಲ ನಿಲ್ಲುವುದು ಈ ಮೊದಲ ನಾಲ್ಕು ಸಾಲಿನ ಮೇಲೆ. ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಗೇಟ್ ಪಾಸ್, ಮೇಸ್ತ್ರಿಯ ವಾಟ್ಸ್ಆ್ಯಪ್ ಸಂದೇಶ ಇವೆಲ್ಲ ಜೋಪಾನವಾಗಿರಲಿ. ಮಾಲೀಕನಿಗೆ ಲಿಖಿತ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಅರ್ಜಿಗೆ ಅಪಘಾತದಿಂದ ಎರಡು ವರ್ಷದ ಗಡುವಿದೆ. ಮಾಲೀಕ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ, ಸಮರ್ಥ ಕಾರಣವಿಲ್ಲದ ವಿಳಂಬಕ್ಕೆ ಪರಿಹಾರದ ಶೇ. 50ರವರೆಗೆ ದಂಡ.

ಸಾವಿನ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾಲೀಕ ಪರಿಹಾರವನ್ನು ಅರ್ಜಿ ವಿಚಾರಿಸುವ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಮೂರು ತಿಂಗಳ ಸಂಬಳದವರೆಗಿನ ಮುಂಗಡ ಬಿಟ್ಟರೆ, ನೇರವಾಗಿ ವಿಧವೆಯ ಕೈಗೆ ಕೊಟ್ಟ ಹಣವನ್ನು ಕಾನೂನು ಪರಿಹಾರವೆಂದು ಒಪ್ಪುವುದಿಲ್ಲ. ಬಂದ ಪರಿಹಾರವನ್ನು ಸಾಲಗಾರರು ಜಪ್ತಿ ಮಾಡುವಂತೆಯೂ ಇಲ್ಲ.

ಕರ್ನಾಟಕದಲ್ಲಿ ಹಿಂದೆ ಕಾರ್ಮಿಕ ಅಧಿಕಾರಿಗಳ ಮುಂದಿದ್ದ ಈ ಅರ್ಜಿಗಳು ಆಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬಂದವು. ಸಂಹಿತೆ ವಿಚಾರಿಸುವವರನ್ನು ಸಕ್ಷಮ ಪ್ರಾಧಿಕಾರ ಎನ್ನುತ್ತದೆ. ಅಪಘಾತ ನಡೆದ ಜಾಗದಲ್ಲಷ್ಟೇ ಅಲ್ಲ, ತಾನು ವಾಸವಿರುವ ಕಡೆಯೂ ಅರ್ಜಿ ಹಾಕಬಹುದು. ಪೀಣ್ಯದಲ್ಲಿ ಕೈ ಕಳೆದುಕೊಂಡ ಗುಬ್ಬಿಯವನು ಪ್ರತಿ ವಾಯಿದೆಗೂ ಬೆಂಗಳೂರಿಗೆ ಅಲೆಯಬೇಕಿಲ್ಲ. ವಸಂತನರಸಾಪುರದಲ್ಲಿ ಗಾಯಗೊಂಡು ರಾಯಚೂರಿಗೆ ಮರಳಿದವನು ಅಲ್ಲಿಂದಲೇ ನಡೆಸಬಹುದು.

ವಕೀಲರ ಫೀಸಿನ ಭಯ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ–ಪಂಗಡದವರು ಆದಾಯ ಎಷ್ಟಿದ್ದರೂ ಉಚಿತ ವಕೀಲರಿಗೆ ಅರ್ಹರು. ಗುಬ್ಬಿ, ಕುಣಿಗಲ್ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರ ಇವೆ, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ ನಿಜ. ಆದರೆ ಅಲ್ಲಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲದ್ದರಿಂದ, ಸಹಿ ಹಾಕುವ ಮುನ್ನ ಗುಣಕದ ಲೆಕ್ಕ ಕೈಯಲ್ಲಿರಬೇಕು.

ಇಷ್ಟೆಲ್ಲ ಇದ್ದೂ ಈ ಸೀಮೆಯ ಹಳೆಯ ಅಪಾಯದ ಕೆಲಸವೊಂದಕ್ಕೆ ಕಾನೂನಿನ ನೆರಳು ತೆಳು. ಇಂದು ಈ ತೋಟ, ನಾಳೆ ಆ ತೋಟ ಎಂದು ಮರಕ್ಕಿಷ್ಟರಂತೆ ತೆಂಗಿನಕಾಯಿ ಕೀಳುವವನಿಗೆ ಮಾಲೀಕ ಯಾರೆಂದು ತೋರಿಸುವುದೇ ಕಷ್ಟ. ಟ್ರ್ಯಾಕ್ಟರ್, ವಿದ್ಯುತ್ ಯಂತ್ರ ಬಳಸುವ ಕೃಷಿ–ತೋಟಗಾರಿಕೆ ಕೆಲಸ ಕಾನೂನಿನ ಪಟ್ಟಿಯಲ್ಲಿದೆ. ಬರಿಗೈಯಲ್ಲಿ ಮರ ಹತ್ತುವವನ ಕೇಸು ಅಷ್ಟು ಸಲೀಸಲ್ಲ. ಅಂಥವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅದನ್ನು ಬೀಳುವ ಮುಂಚೆ ಮಾಡಿಸಿರಬೇಕು.